ಗೊತ್ತಿಲ್ಲದ್ದರ ಭಾರ

ಮೂರು ವರ್ಷಗಳ ಅಂತರದಲ್ಲಿ ಕರ್ನಾಟಕದ ನೆಲದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಬೋರ್ಡಿನಿಂದ ಇಳಿಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿತು. 2019ರ ಅದೇ ದಿನ ವಿಜಯಾ ಬ್ಯಾಂಕು, ದೇನಾ ಬ್ಯಾಂಕಿನ ಜೊತೆಗೇ, ಬ್ಯಾಂಕ್ ಆಫ್ ಬರೋಡಾಕ್ಕೆ ಹೋಯಿತು. 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಮೂರೂ ಸಲ ಏಪ್ರಿಲ್ ಒಂದು. ಲೆಕ್ಕಪತ್ರದವರಿಗೆ ಅದು ವರ್ಷದ ಮೊದಲ ದಿನ. ಬಾಕಿ ಜಗತ್ತಿಗೆ ಅದು ಎಂಥ ದಿನ ಎಂಬುದನ್ನು ಬ್ಯಾಂಕಿನವರೇ ಚಹಾ ಕುಡಿಯುತ್ತ ಒಬ್ಬರಿಗೊಬ್ಬರು ನೆನಪಿಸಿಕೊಂಡು ನಗುತ್ತಿದ್ದರು.

ಕೊನೆಯ ಸಲವಂತೂ ಲಾಕ್‌ಡೌನ್ ಶುರುವಾಗಿ ಒಂದು ವಾರ. ಬ್ಯಾಂಕು ಅಗತ್ಯ ಸೇವೆಯಾದ್ದರಿಂದ ಬಾಗಿಲು ತೆಗೆಯಲೇಬೇಕಿತ್ತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಂದ ಗುಮಾಸ್ತ ಹಿಂದಿನ ದಿನ ಕುಳಿತಿದ್ದ ಕುರ್ಚಿಯಲ್ಲೇ ಕುಳಿತು, ಬೇರೆ ಬ್ಯಾಂಕಿನ ನೌಕರನಾಗಿ ಕೆಲಸ ಶುರುಮಾಡಿದ. ಹೊಸ ಸಹೋದ್ಯೋಗಿಗಳ ಕೈಕುಲುಕಲೂ ಅಂಜುವ ದಿನಗಳವು.

ಈ ಬ್ಯಾಂಕುಗಳ ಮೇಲೆ ನಮ್ಮವರಿಗೆ ಇದ್ದ ಮಮತೆ ಸುಮ್ಮನೆ ಬಂದದ್ದಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರುಮಾಡಿದ ನಿಧಿಯೇ ಕೆನರಾ ಬ್ಯಾಂಕು. 1913ರ ಮೈಸೂರು ಬ್ಯಾಂಕಿನ ಹಿಂದೆ ವಿಶ್ವೇಶ್ವರಯ್ಯನವರ ದೂರದೃಷ್ಟಿ ಇತ್ತು. 1925ರಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವರು ಸೇರಿ ಸಿಂಡಿಕೇಟ್ ಕಟ್ಟಿದರು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಮತ್ತು ಜೊತೆಗಾರರು ವಿಜಯಾ ಕಟ್ಟಿದರು. ಬೆಂಗಳೂರಿನ ಆಟೊದವರು ಈಗಲೂ ‘ಮೈಸೂರು ಬ್ಯಾಂಕ್ ಸರ್ಕಲ್’ ಎಂದೇ ಕರೆಯುತ್ತಾರೆ. ಆ ಹೆಸರಿನ ಬ್ಯಾಂಕು ಇಲ್ಲವೆಂಬುದು ಅವರಿಗೆ ಅಡ್ಡಿಯಾಗಿಲ್ಲ.

ಆದರೂ ‘ನಮ್ಮ ಹೆಮ್ಮೆಯನ್ನು ನುಂಗಿದರು’ ಎಂಬ ಅಳಲಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ ಸಣ್ಣ ಬ್ಯಾಂಕುಗಳನ್ನು ದೊಡ್ಡವುಗಳಿಗೆ ಸೇರಿಸುವ ಕೆಲಸ ದೇಶದಲ್ಲಿ ಭರದಿಂದ ನಡೆಯಿತು. ಮೂಲ್ಕಿ ಸುಂದರರಾಮ ಶೆಟ್ಟರ ಕಾಲದಲ್ಲಿ, 1963ರಿಂದ 68ರ ಒಳಗೆ, ವಿಜಯಾ ಬ್ಯಾಂಕು ಒಂಬತ್ತು ಸಣ್ಣ ಬ್ಯಾಂಕುಗಳನ್ನು ತನ್ನೊಳಗೆ ತೆಗೆದುಕೊಂಡಿತು. ಕೆನರಾ 1961ರಲ್ಲಿ ಬ್ಯಾಂಕ್ ಆಫ್ ಕೇರಳವನ್ನು ಸೇರಿಸಿಕೊಂಡಿತು. ಆ ಒಂಬತ್ತರಲ್ಲಿ ಒಂದರ ಹೆಸರನ್ನಾದರೂ ಥಟ್ಟನೆ ಹೇಳಬಲ್ಲವರು ಇಂದು ಎಷ್ಟು ಮಂದಿ? ಅಲ್ಲೂ ಯಾರೋ ಒಬ್ಬ ಕ್ಯಾಷಿಯರ್ ಮನೆಗೆ ಹೋಗಿ, ನಾಳೆಯಿಂದ ನಮ್ಮ ಬ್ಯಾಂಕಿಗೆ ಬೇರೆ ಹೆಸರು ಎಂದು ಹೆಂಡತಿಗೆ ಹೇಳಿರಬೇಕು. ಅವನ ದುಃಖಕ್ಕೆ ಯಾರೂ ಲೇಖನ ಬರೆಯಲಿಲ್ಲ. ಹಾಗಾಗಿ ವಿಲೀನ ಸರಿಯೋ ತಪ್ಪೋ ಎಂಬ ಜಗಳವನ್ನು ನಾನಿಲ್ಲಿ ಎತ್ತುವುದಿಲ್ಲ. ಸಂಸ್ಥೆ ಬದಲಾಗುವಾಗ ಅದರೊಳಗಿರುವ ಮನುಷ್ಯರಿಗೆ ಯಾರು, ಯಾವಾಗ, ಎಷ್ಟು ಹೇಳಬೇಕು ಎಂಬುದಷ್ಟೇ ನನ್ನನ್ನು ಕಾಡುವ ಪ್ರಶ್ನೆ.

2019ರ ಆಗಸ್ಟ್ 30ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹತ್ತು ಬ್ಯಾಂಕುಗಳನ್ನು ನಾಲ್ಕು ಮಾಡುವ ನಿರ್ಧಾರ ಪ್ರಕಟಿಸಿದರು. ಯಾರ ಕೆಲಸವೂ ಹೋಗುವುದಿಲ್ಲ ಎಂಬ ಭರವಸೆಯೂ ಸಿಕ್ಕಿತು. ಕೆನರಾ, ಸಿಂಡಿಕೇಟ್ ಎರಡರ ಕೋರ್ ಬ್ಯಾಂಕಿಂಗ್ ತಂತ್ರಾಂಶವೂ ಒಂದೇ ಮನೆತನದ್ದು, ಹೊಂದಿಕೆ ಸುಲಭ ಎಂದರು. ಸಿಂಡಿಕೇಟಿನ 1000 ಷೇರಿಗೆ ಕೆನರಾದ 158 ಷೇರು ಎಂದು ನಿಗದಿಯಾಯಿತು. ಎಣಿಸಬಹುದಾದ್ದನ್ನೆಲ್ಲ ಬಿಡಿ ಷೇರಿನವರೆಗೆ ಎಣಿಸಿಯಾಗಿತ್ತು.

ನೌಕರರ ತಲೆಯಲ್ಲಿದ್ದ ಪ್ರಶ್ನೆಗಳು ಈ ಕೋಷ್ಟಕದಲ್ಲಿ ಇರಲಿಲ್ಲ. ಕೆಲಸ ಹೋಗುವುದಿಲ್ಲ ಎಂಬುದು ಸರ್ಕಾರಿ ಬ್ಯಾಂಕಿನವನಿಗೆ ಮೊದಲೇ ಗೊತ್ತು. ಅವನ ಭಯ ಬೇರೆ. ಒಂದೇ ಬೀದಿಯಲ್ಲಿ ಈಗ ನಮ್ಮದೇ ಎರಡು ಶಾಖೆ; ಮುಚ್ಚುವುದು ಯಾವುದನ್ನು? ಸೀನಿಯಾರಿಟಿ ಪಟ್ಟಿಯಲ್ಲಿ ನನ್ನ ಮೇಲೆ ಎಷ್ಟು ಜನ ಬಂದು ಕೂರುತ್ತಾರೆ? ಹೆಂಡತಿಗೆ ಇನ್ನೊಂದು ಬ್ಯಾಂಕಿನಲ್ಲಿ ಕೆಲಸ, ಮಗಳು ಎಸ್ಸೆಸ್ಸೆಲ್ಸಿ. ಟ್ರಾನ್ಸ್‌ಫರ್ ಬಂದರೆ ಗತಿಯೇನು? ಇಪ್ಪತ್ತು ವರ್ಷ ಚಿನ್ನದ ಸಾಲ ಕೊಟ್ಟ ರೀತಿಯನ್ನು ನಾಳೆ ಯಾರಾದರೂ ಬಂದು ‘ಇದು ತಪ್ಪು ಪದ್ಧತಿ’ ಎನ್ನುತ್ತಾರೆಯೆ? ಕೊನೆಯದು ಎಲ್ಲಕ್ಕಿಂತ ಚಿಕ್ಕ ಭಯದಂತೆ ಕಾಣುತ್ತದೆ. ನನಗನಿಸುವಂತೆ ಅದೇ ದೊಡ್ಡದು. ಮನುಷ್ಯ ಊರು ಬಿಡಲು ಒಪ್ಪಿಯಾನು. ತಾನು ಇಷ್ಟು ವರ್ಷ ದಡ್ಡತನದಿಂದ ದುಡಿದೆ ಎಂದು ಒಪ್ಪುವುದು ಕಷ್ಟ.

ಇಂಥ ಹೊತ್ತಿನಲ್ಲಿ ಮೇಲಿನವರು ಸಾಮಾನ್ಯವಾಗಿ ಹಿಡಿಯುವ ದಾರಿ ಮೌನ, ಇಲ್ಲವೇ ಮೌನಕ್ಕಿಂತ ಕೆಟ್ಟದಾದ ಸುಂದರ ಸರ್ಕ್ಯುಲರ್. ‘ಹೊಸ ಪಯಣ’, ‘ಒಂದೇ ಕುಟುಂಬ’, ‘ಉಜ್ವಲ ಭವಿಷ್ಯ’. ವಿಲೀನವನ್ನು ಮದುವೆಗೆ ಹೋಲಿಸುವುದು ಆಗ ಎಲ್ಲರ ಬಾಯಲ್ಲೂ ಇತ್ತು. ಮದುವೆಯಲ್ಲಿ ಹುಡುಗಿಯನ್ನು ಒಂದು ಮಾತು ಕೇಳುತ್ತಾರೆ, ಕೇಳಿದ ಶಾಸ್ತ್ರವನ್ನಾದರೂ ಮಾಡುತ್ತಾರೆ. ಇಲ್ಲಿ ಅದೂ ಇರಲಿಲ್ಲ ಎಂಬ ಕಾರಣಕ್ಕೆ ಆ ಹೋಲಿಕೆ ನನಗೆ ಹಿಡಿಸಲಿಲ್ಲ.

ಮೌನವನ್ನು ಎಚ್ಚರಿಕೆ ಎಂದು ಕರೆಯುವುದುಂಟು. ತೀರ್ಮಾನವಾಗದ ಸಂಗತಿಯನ್ನು ಹೇಳಿ ಯಾಕೆ ಗೊಂದಲ ಎಬ್ಬಿಸಬೇಕು ಎಂಬುದು ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಈ ಮೌನದ ಖರ್ಚನ್ನು ಯಾರು ಕೊಡುತ್ತಾರೆ ಎಂದು ಲೆಕ್ಕ ಹಾಕಿ ನೋಡಿ. ಪ್ರಧಾನ ಕಚೇರಿ ಉತ್ತರ ಕೊಡದ ಪ್ರಶ್ನೆ ಅಲ್ಲಿಗೇ ಕರಗಿಹೋಗುವುದಿಲ್ಲ. ಪ್ರಾದೇಶಿಕ ಕಚೇರಿಗೆ ಇಳಿಯುತ್ತದೆ, ಅಲ್ಲಿಂದ ಶಾಖೆಗೆ, ಶಾಖೆಯಿಂದ ಕೌಂಟರಿಗೆ. ಕೌಂಟರಿನಾಚೆ ಒಬ್ಬ ವೃದ್ಧೆ ಪಾಸ್‌ಬುಕ್ ಹಿಡಿದು ನಿಂತಿರುತ್ತಾಳೆ.

“ಎಂತ ಮಾರಾಯ್ರೆ, ನಿಮ್ಮ ಬ್ಯಾಂಕ್ ಮುಚ್ತದಂತೆ? ನನ್ನ ಎಫ್‌ಡಿ ಎಂತಾಗ್ತದೆ?”

“ಎಂತದೂ ಆಗುದಿಲ್ಲ ಅಮ್ಮ. ದುಡ್ಡೆಲ್ಲ ಹಾಗೇ ಇರ್ತದೆ, ಹೆಸರು ಮಾತ್ರ ಬೇರೆ.”

“ಬಡ್ಡಿ ಅಷ್ಟೇ ಕೊಡ್ತಾರಾ?”

ಗುಮಾಸ್ತನಿಗೆ ಆ ಕ್ಷಣ ಖಚಿತವಿಲ್ಲ. ಆದರೆ ಆಕೆಯ ಎದುರು ಗೊತ್ತಿಲ್ಲ ಎನ್ನಲಾಗದು; ಅಂದರೆ ಸಂಜೆಯೊಳಗೆ ಇಡೀ ಪೇಟೆಯಲ್ಲಿ ಬ್ಯಾಂಕು ಮುಳುಗಿದ ಸುದ್ದಿ. ಹೌದು ಎಂದುಬಿಡುತ್ತಾನೆ. ಮುಖ್ಯಸ್ಥರು ಹೊರಬೇಕಿದ್ದ ಅನಿಶ್ಚಿತತೆಯನ್ನು ಸಂಸ್ಥೆಯಲ್ಲೇ ಅತಿ ಕಡಿಮೆ ಅಧಿಕಾರವಿರುವವನು ತನ್ನ ನಾಲಿಗೆಯ ಮೇಲೆ ಹೊತ್ತ. ನಾಳೆ ಅದು ಸುಳ್ಳಾದರೆ ಬೈಗುಳವೂ ಅವನಿಗೇ. ಅಸ್ಪಷ್ಟತೆ ಯಾವಾಗಲೂ ಕೆಳಮುಖವಾಗಿಯೇ ಹರಿಯುತ್ತದೆ. ಸ್ಪಷ್ಟವಾಗಿ ಮಾತಾಡುವುದನ್ನು ನಾಯಕತ್ವದ ಒಂದು ಕೌಶಲ ಎಂದು ತರಬೇತಿಗಳಲ್ಲಿ ಕಲಿಸುತ್ತಾರೆ. ಭಾರವನ್ನು ಯಾರು ಹೊರಬೇಕೆಂಬ ನ್ಯಾಯದ ಪ್ರಶ್ನೆಯಾಗಿಯೇ ನನಗದು ಕಾಣುತ್ತದೆ.

ಒಂದು ಶಾಖೆಯ ಕಥೆ ಹೇಳುತ್ತೇನೆ. ಯಾವ ಬ್ಯಾಂಕು, ಯಾವ ಊರು ಎಂಬುದು ಬೇಡ. ಅಲ್ಲಿನ ಮ್ಯಾನೇಜರು ಮಾತುಗಾರರೇನೂ ಅಲ್ಲ; ಬೀಳ್ಕೊಡುಗೆ ಸಮಾರಂಭದಲ್ಲಿ ಎರಡು ವಾಕ್ಯ ಹೇಳಲೂ ತಡವರಿಸುವವರು. ವಿಲೀನದ ತಿಂಗಳುಗಳಲ್ಲಿ ಅವರು ದಿನಾ ಬೆಳಿಗ್ಗೆ ಗ್ರಾಹಕರನ್ನು ಒಳಗೆ ಬಿಡುವ ಮೊದಲು ಎಲ್ಲರನ್ನೂ, ಅಟೆಂಡರ್ ಮತ್ತು ಗನ್‌ಮ್ಯಾನ್ ಸೇರಿ, ಕ್ಯಾಷ್ ಕೌಂಟರಿನ ಹತ್ತಿರ ನಿಲ್ಲಿಸಿಕೊಳ್ಳುತ್ತಿದ್ದರು. ಐದು ನಿಮಿಷದ ಮಾತು. ನಿನ್ನೆ ಬಂದ ಸರ್ಕ್ಯುಲರಿನಲ್ಲಿ ಇದಿದೆ, ಇದು ಖಚಿತ. ಚೆಕ್‌ಬುಕ್ಕಿನ ವಿಷಯ ಇನ್ನೂ ಬಂದಿಲ್ಲ. ಗ್ರಾಹಕರು ಕೇಳಿದರೆ ಬಂದಿಲ್ಲ ಎಂದೇ ಹೇಳಿ, ನನ್ನ ಹೆಸರು ಹೇಳಿ, ಬೇಕಾದರೆ ನನ್ನ ಕ್ಯಾಬಿನ್ನಿಗೆ ಕಳಿಸಿ. ಸೀನಿಯಾರಿಟಿ ಬಗ್ಗೆ ನನ್ನನ್ನು ಕೇಳಬೇಡಿ, ಅದು ನನ್ನ ಕೈಯಲ್ಲಿಲ್ಲ; ಪ್ರಾದೇಶಿಕ ಕಚೇರಿಗೆ ಬರೆದಿದ್ದೇನೆ, ಉತ್ತರ ಬಂದ ದಿನ ಓದಿ ಹೇಳುತ್ತೇನೆ.

ಎಷ್ಟೋ ದಿನ ಆ ಐದು ನಿಮಿಷದಲ್ಲಿ ಹೊಸದೇನೂ ಇರುತ್ತಿರಲಿಲ್ಲ. ‘ಇವತ್ತು ಏನೂ ಬಂದಿಲ್ಲ, ಕೆಲಸ ಶುರುಮಾಡುವ’ ಎಂದು ಮುಗಿಸುತ್ತಿದ್ದರು. ಅಂಥ ದಿನಗಳಲ್ಲೂ ನಿಲ್ಲಿಸಿಕೊಳ್ಳುವುದನ್ನು ಬಿಡಲಿಲ್ಲ ಎಂಬುದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಏನೂ ಬಂದಿಲ್ಲ ಎಂಬುದೂ ಒಂದು ಸುದ್ದಿಯೇ. ಅದು ಗೊತ್ತಿದ್ದರೆ ವಾಟ್ಸ್ಆ್ಯಪಿನಲ್ಲಿ ಬಂದ ‘ಮುಚ್ಚುವ ಶಾಖೆಗಳ ಪಟ್ಟಿ’ಯನ್ನು ನಂಬುವ ಅಗತ್ಯ ಬೀಳುವುದಿಲ್ಲ.

ಹಾಗೆಂದು ಅವರ ಮಾತೆಲ್ಲ ನಿಜವಾಗಲಿಲ್ಲ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಯಾರನ್ನೂ ಎತ್ತುವುದಿಲ್ಲವೆಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಇವರು ಸಿಬ್ಬಂದಿಗೆ ಹೇಳಿದ್ದರು. ಜನವರಿಯಲ್ಲೇ ಒಬ್ಬ ಹೆಣ್ಣುಮಗಳಿಗೆ ವರ್ಗಾವಣೆ ಆದೇಶ ಬಂತು. ಆದೇಶ ಇಮೇಲಿನಲ್ಲಿ ತಾನಾಗಿಯೇ ಆಕೆಗೆ ತಲುಪುತ್ತಿತ್ತು, ಇವರು ಆ ದಿನ ರಜೆ ಹಾಕಿದ್ದರೂ ಆಗುತ್ತಿತ್ತು. ಅದು ಕಾಣುವ ಮೊದಲೇ ಕ್ಯಾಬಿನ್ನಿಗೆ ಕರೆದು, “ಮೇಡಂ, ನಾನು ನಿಮಗೆ ಹೇಳಿದ್ದು ನಡೀಲಿಲ್ಲ. ಆರ್ಡರ್ ಬಂದಿದೆ. ನಿಮ್ಮ ರೆಪ್ರೆಸೆಂಟೇಷನ್ ಜೊತೆ ನನ್ನ ಶಿಫಾರಸ್ಸೂ ಇವತ್ತೇ ಹೋಗ್ತದೆ, ಆದರೆ ಅದು ಆಗ್ತದೆ ಅಂತ ಮಾತ್ರ ಈ ಸಲ ಹೇಳುದಿಲ್ಲ,” ಎಂದರು. ಶಿಫಾರಸ್ಸು ಫಲಿಸಲಿಲ್ಲ. ಆಕೆ ಹೋದರು. ಆದರೆ ಮರುದಿನ ಬೆಳಿಗ್ಗೆ ಕ್ಯಾಷ್ ಕೌಂಟರಿನ ಬಳಿ ನಿಂತ ಉಳಿದವರು ಇವರ ಮಾತನ್ನು ಕೇಳಿಸಿಕೊಂಡರು. ನಂಬಿಕೆ ಹೋಗಿರಲಿಲ್ಲ. ಯಾಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹೇಳಿದ್ದೆಲ್ಲ ನಿಜವಾಗಬೇಕೆಂದು ಜನ ನಿರೀಕ್ಷಿಸುವುದಿಲ್ಲ ಎಂದು ಕಾಣುತ್ತದೆ. ಸುಳ್ಳಾದ ದಿನ ಹೇಳಿದವನು ಎದುರಿಗೆ ಬರುತ್ತಾನೋ ಇಲ್ಲವೋ ಎಂಬುದನ್ನು ನೋಡುತ್ತಾರೆ.

ಇದಕ್ಕೆ ತದ್ವಿರುದ್ಧವಾದ ನಡವಳಿಕೆಗೆ ಜಗತ್ತಿನ ದೊಡ್ಡ ಉದಾಹರಣೆಯೊಂದಿದೆ. 1998ರಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಮತ್ತು ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಗಳು ಒಂದಾದಾಗ ಅದನ್ನು ‘ಸಮಾನರ ವಿಲೀನ’ ಎಂದು ಸಾರಲಾಯಿತು. ಎರಡೇ ವರ್ಷಕ್ಕೆ ಜರ್ಮನ್ ಮುಖ್ಯಸ್ಥ ಯುರ್ಗೆನ್ ಶ್ರೆಂಪ್, ಕ್ರೈಸ್ಲರ್ ಒಂದು ವಿಭಾಗವಾಗಿ ಇರಬೇಕೆಂದೇ ತಾನು ಮೊದಲಿನಿಂದ ಬಯಸಿದ್ದಾಗಿ ಪತ್ರಿಕೆಗೆ ಹೇಳಿದರು. ಷೇರುದಾರರು ಕೋರ್ಟಿಗೆ ಹೋದರು, 2007ರಲ್ಲಿ ಕ್ರೈಸ್ಲರನ್ನು ಮಾರಿ ಕೈತೊಳೆದುಕೊಂಡದ್ದೂ ಆಯಿತು. ಷೇರುದಾರರ ನಷ್ಟಕ್ಕೆ ನ್ಯಾಯಾಲಯವಿದೆ. ಸಮಾನ ಎಂದು ನಂಬಿ ಎರಡು ವರ್ಷ ದುಡಿದ ಎಂಜಿನಿಯರ್ ಯಾವ ಕೋರ್ಟಿಗೆ ಹೋಗಬೇಕಿತ್ತು? ನಮ್ಮಲ್ಲಿ ಸರ್ಕಾರ ಸೇರಿಸಿಕೊಳ್ಳುವ ಬ್ಯಾಂಕನ್ನು ‘ಆ್ಯಂಕರ್ ಬ್ಯಾಂಕ್’ ಎಂದು ಮೊದಲ ದಿನವೇ ಹೆಸರಿಸಿತು. ಯಾರು ಯಾರೊಳಗೆ ಹೋಗುತ್ತಾರೆಂಬುದರಲ್ಲಿ ಮುಚ್ಚುಮರೆ ಮಾಡಲಿಲ್ಲ. ಕೇಳಲು ಒರಟು. ಆ ಒರಟುತನವೇ ಮೇಲು ಎಂದು ನನ್ನ ಮತ.

ಕಹಿ ಸತ್ಯವನ್ನು ಕೆಳಗಿನ ಹಂತದವರೆಗೆ ಒಯ್ದ ಉದಾಹರಣೆಯೂ ನಮ್ಮ ದೇಶದಲ್ಲಿದೆ. 2006ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಧ್ಯಕ್ಷರಾದ ಓ.ಪಿ. ಭಟ್, ಬ್ಯಾಂಕು ಖಾಸಗಿಯವರೆದುರು ಹಿಂದೆ ಬೀಳುತ್ತಿದೆ ಎಂಬುದನ್ನು ಮೊದಲು ಹಿರಿಯ ಅಧಿಕಾರಿಗಳ ಮುಂದಿಟ್ಟರು. ಮರುವರ್ಷ ‘ಪರಿವರ್ತನ್’ ಎಂಬ ಹೆಸರಿನಲ್ಲಿ ಎರಡೆರಡು ದಿನದ ಕಾರ್ಯಾಗಾರಗಳನ್ನು ನಡೆಸಿ, ಕೆಲವೇ ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ನೌಕರರಿಗೆ ಅದೇ ಮಾತನ್ನು ತಲುಪಿಸಿದರು. ಬ್ಯಾಂಕಿನ ಸ್ಥಿತಿಯನ್ನು ತಿಳಿಯುವ ಯೋಗ್ಯತೆ ಗುಮಾಸ್ತನಿಗೂ ಇದೆ ಎಂಬ ಗೌರವ ಅದರಲ್ಲಿತ್ತು. ಮನುಷ್ಯನನ್ನು ನಂಬಿ ಕೆಟ್ಟ ಸುದ್ದಿಯನ್ನು ಹೇಳುವುದು ಅವನಿಗೆ ಕೊಡುವ ಒಂದು ಮರ್ಯಾದೆ.

ಎಲ್ಲವನ್ನೂ ಎಲ್ಲ ಕಾಲಕ್ಕೂ ಹೇಳಲಾಗದು ಎಂಬುದೂ ನಿಜ. ಷೇರುಪೇಟೆಯಲ್ಲಿರುವ ಸಂಸ್ಥೆಯ ಮುಖ್ಯಸ್ಥರು ವಿಲೀನದ ಸುದ್ದಿಯನ್ನು ಮುಂಚಿತವಾಗಿ ಹೊರಹಾಕುವಂತಿಲ್ಲ, ಸೆಬಿಯ ನಿಯಮಗಳಿವೆ. ನೌಕರರ ಪಾಲಿಗೆ ಮೊದಲ ಸುದ್ದಿ ಟಿವಿಯಿಂದ ಬಂದರೆ ಅದಕ್ಕೆ ಯಾರನ್ನೂ ದೂರಲಾಗದು. ಎರಡನೆಯ ಸುದ್ದಿಯೂ ಟಿವಿಯಿಂದಲೇ ಬಂದರೆ, ಮೂರನೆಯದೂ ಹಾಗೇ ಆದರೆ, ಆಗ ಕಾನೂನಿನ ನೆಪ ಸಾಕಾಗುವುದಿಲ್ಲ.

ಇನ್ನು ಸಂಸ್ಕೃತಿಯ ಮಾತು. ಕಚೇರಿಯ ಸಂಸ್ಕೃತಿಯನ್ನು ಗೋಡೆಯ ಮೇಲೆ ಫ್ರೇಮು ಹಾಕಿದ ಮೌಲ್ಯಗಳಲ್ಲಿ ಹುಡುಕುವವರು ಬಹಳ. ಸಿಂಡಿಕೇಟಿನ ಸಂಸ್ಕೃತಿ ಇದ್ದದ್ದು ಪಿಗ್ಮಿ ಏಜೆಂಟರ ಕಾಲುಗಳಲ್ಲಿ. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಉಳಿಸಿದರೂ ಸಾಕಿತ್ತು. ಏಜೆಂಟ್ ಮನೆಬಾಗಿಲಿಗೆ, ಅಂಗಡಿಗೆ ಬಂದು ಒಯ್ಯುತ್ತಿದ್ದ. ಮೀನು ಮಾರುವವಳ, ಬೀಡಿ ಕಟ್ಟುವವಳ ಪಾಲಿಗೆ ಬ್ಯಾಂಕು ಅಂದರೆ ಅವನೇ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗನಿಗೆ ದುಬೈ ವೀಸಾ ಆಯಿತು, ಯಾರ ಕೈಯಲ್ಲಿ ಈ ವಾರ ಕಾಸಿಲ್ಲ, ಎಲ್ಲವೂ ಅವನಿಗೆ ಗೊತ್ತು. ಆದರೆ ಅವನು ಬ್ಯಾಂಕಿನ ಕಾಯಂ ನೌಕರನಲ್ಲ. ಠೇವಣಿ ಸಂಗ್ರಹಿಸುವವರೂ ಕಾರ್ಮಿಕರೇ, ಅವರ ಕಮಿಷನ್ನೂ ಕೂಲಿಯೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ. ಕಾಯಂ ಮಾಡಿಕೊಳ್ಳಿ ಎಂಬ ಬೇಡಿಕೆ ಆಗಲೂ ಈಡೇರಲಿಲ್ಲ.

ಸಂಸ್ಥೆಯ ಗುಣವನ್ನು ಹೊತ್ತು ತಿರುಗುವವನು ಹೀಗೆ ಸಂಸ್ಥೆಯ ಪಟ್ಟಿಯಲ್ಲೇ ಇಲ್ಲದಿರುವುದುಂಟು. ಬದಲಾವಣೆಯ ಸಭೆಗೆ ಅವನನ್ನು ಕರೆಯುವ ಯೋಚನೆ ಯಾರಿಗೂ ಬರುವುದಿಲ್ಲ. ಹಾಗಾಗಿ ಯಾವ ರೂಢಿ ಉಳಿಯಬೇಕು, ಯಾವುದು ಹೋಗಬೇಕು ಎಂಬ ನಿರ್ಧಾರ ಬರಿಯ ಕಂಪ್ಯೂಟರ್ ಪರದೆಯ ಕಾಲಂ ನೋಡಿ ಆಗಿಬಿಡುತ್ತದೆ. ಕೌಂಟರಿನಲ್ಲಿ ಕನ್ನಡ, ತುಳು, ಕೊಂಕಣಿ ಕೇಳಿಸುತ್ತಿದ್ದ ಶಾಖೆಗೆ ಆ ಮೂರೂ ಬಾರದ ಹುಡುಗನೊಬ್ಬ ಬಂದು ಕೂತಾಗ ಆಗುವುದೂ ಇದೇ. ಅವನ ತಪ್ಪಿಲ್ಲ, ಅವನೂ ಮನೆಯಿಂದ ಸಾವಿರಾರು ಕಿಲೋಮೀಟರ್ ದೂರ ಎಸೆಯಲ್ಪಟ್ಟವನು. ಅವನನ್ನು ಕಳಿಸುವ ಮೊದಲು ಭಾಷೆಯೂ ಬ್ಯಾಂಕಿನ ಆಸ್ತಿ ಎಂದು ಯಾರಾದರೂ ಎಣಿಸಿದ್ದರೆ ಹತ್ತು ವಾಕ್ಯ ಕಲಿಸಿ ಕಳಿಸುತ್ತಿದ್ದರು.

ಕಾನೂನಿನಲ್ಲಿ ವಿಲೀನ ಒಂದು ರಾತ್ರಿಯ ಕೆಲಸ. ತಂತ್ರಾಂಶಕ್ಕೆ ಹೆಚ್ಚು ಹೊತ್ತು ಬೇಕು: ಬ್ಯಾಂಕ್ ಆಫ್ ಬರೋಡಾದಲ್ಲಿ ವಿಜಯಾ ಮತ್ತು ದೇನಾದ ಎಲ್ಲ ಶಾಖೆಗಳ ಲೆಕ್ಕ ಒಂದೇ ವ್ಯವಸ್ಥೆಗೆ ಬಂದು ಮುಗಿದಾಗ 2020ರ ಡಿಸೆಂಬರ್ ಆಗಿತ್ತು, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ತಿಂಗಳು. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡುಗಳು 2021ರ ಜೂನ್ ಕೊನೆಯವರೆಗೆ ನಡೆದವು. ಯಂತ್ರಕ್ಕೇ ಹದಿನೈದು ತಿಂಗಳ ಗಡುವು ಕೊಟ್ಟವರು ಮನುಷ್ಯನಿಂದ ಏಪ್ರಿಲ್ 2ರ ಬೆಳಿಗ್ಗೆಯೇ ಹೊಸ ನಿಷ್ಠೆಯನ್ನು ನಿರೀಕ್ಷಿಸುವುದು ವಿಚಿತ್ರ. ಸ್ವಲ್ಪ ದಿನ ಅವನು ಹಳೆಯ ಪೆನ್ ಸ್ಟ್ಯಾಂಡ್ ಇಟ್ಟುಕೊಳ್ಳಲಿ, ಹಳೆಯ ಹೆಸರನ್ನು ಫೋನಿನಲ್ಲಿ ತಪ್ಪಿ ಹೇಳಲಿ. ಅದನ್ನು ವಿರೋಧವೆಂದು ತಿಳಿಯುವ ಅಧಿಕಾರಿ ವಿರೋಧವನ್ನು ತಾನೇ ತಯಾರಿಸುತ್ತಾನೆ.

ಈ ಕಥೆ ಮುಗಿದಿಲ್ಲ. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕು ಸೇರಿ ಒಂದೇ ಬ್ಯಾಂಕಾದವು. ಪ್ರಧಾನ ಕಚೇರಿ ಬಳ್ಳಾರಿ. ಧಾರವಾಡದ ಬ್ಯಾಂಕು ತಾನೇ 2005ರಲ್ಲಿ ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ಎಂಬ ನಾಲ್ಕು ಗ್ರಾಮೀಣ ಬ್ಯಾಂಕುಗಳಿಂದ ಆದದ್ದು. ಬಳ್ಳಾರಿಯದ್ದು 2019ರಲ್ಲಿ ಪ್ರಗತಿ ಕೃಷ್ಣಾ ಮತ್ತು ಕಾವೇರಿ ಸೇರಿ ಆದದ್ದು. ನೇತ್ರಾವತಿಗೆ ಇಪ್ಪತ್ತೈದರ ವಯಸ್ಸಿನಲ್ಲಿ ಸೇರಿದವರು ಇನ್ನೂ ಸೇವೆಯಲ್ಲಿದ್ದರೆ ಅವರಿಗೆ ಇದು ಮೂರನೆಯ ಬ್ಯಾಂಕು, ರಾಜೀನಾಮೆ ಮಾತ್ರ ಒಮ್ಮೆಯೂ ಕೊಟ್ಟಿಲ್ಲ. ಅವರಿಗೆ ಸೀನಿಯಾರಿಟಿ ಪಟ್ಟಿ ಓದಲು ಬರುತ್ತದೆ, ಸರ್ಕ್ಯುಲರಿನ ಸಾಲುಗಳ ನಡುವೆ ಓದಲೂ ಬರುತ್ತದೆ. ಪಕ್ಕದ ಕುರ್ಚಿಯಲ್ಲಿ ಮೊದಲ ವಿಲೀನ ಕಾಣುತ್ತಿರುವ ಹುಡುಗಿ ತನ್ನ ಪ್ರಶ್ನೆಗಳನ್ನು ಮ್ಯಾನೇಜರಿಗಿಂತ ಮೊದಲು ಅವರಿಗೇ ಕೇಳುತ್ತಾಳೆ. ಹೊಸ ಬ್ಯಾಂಕಿನ ಅಧಿಕಾರಿಗಳು ಬಳ್ಳಾರಿಯಿಂದ ಹೊರಟು ಶಾಖೆಗೆ ಬಂದಾಗ ಮೊದಲು ಅವರ ಮೇಜಿನ ಎದುರು ಒಂದು ಕುರ್ಚಿ ಎಳೆದುಕೊಂಡು ಕೂರುವುದು ಒಳ್ಳೆಯದು.